ರಕ್ತನಾಳದ ಸುಣ್ಣ ಮತ್ತು ಕೆ-2 ಬಾಟಲಿ

ಕಳೆದ ತಿಂಗಳು ಒಬ್ಬ ನಿವೃತ್ತ ಮೇಷ್ಟ್ರು ಕ್ಲಿನಿಕ್ಕಿಗೆ ಬಂದಿದ್ದರು. ವಯಸ್ಸು 67. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಒಂದು ಕೈಯಲ್ಲಿ ಸಿಟಿ ಸ್ಕ್ಯಾನ್ ರಿಪೋರ್ಟು, ಇನ್ನೊಂದು ಕೈಯಲ್ಲಿ ಮಗ ಅಮೆರಿಕದಿಂದ ಕಳಿಸಿದ ಬಾಟಲಿ. ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಸ್ಕೋರ್, ಅಂದರೆ ಹೃದಯದ ನಾಳದಲ್ಲಿ ಎಷ್ಟು ಸುಣ್ಣ ಕೂತಿದೆ ಎಂಬ ಲೆಕ್ಕ, 312 ಎಂದಿತ್ತು. ಬಾಟಲಿಯಲ್ಲಿದ್ದದ್ದು ವಿಟಮಿನ್ ಕೆ-2 ಮತ್ತು ಡಿ-3.

"ಡಾಕ್ಟ್ರೇ, ಇದು ನಾಳದಲ್ಲಿರೋ ಸುಣ್ಣಾನ ತೆಗೆದು ಮೂಳೆಗೆ ಸೇರಿಸುತ್ತಂತೆ. ಎರಡು ತಿಂಗಳಿಂದ ತಗೋತಿದ್ದೀನಿ. ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿಬಿಟ್ಟೆ" ಅಂದರು.

ಆ ಕೊನೆಯ ಮಾತು ಕೇಳಿ ನನಗೆ ಭಯವಾಯಿತು. ಬಾಟಲಿಗಿಂತ, ಅದಕ್ಕೆ ಜಾಗ ಬಿಟ್ಟುಕೊಟ್ಟ ಮಾತ್ರೆಯದೇ ನನಗೆ ಚಿಂತೆ.

ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ಹೃದಯದ ನಾಳದಲ್ಲೂ ಹಾಗೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಾಗಿ ಅದನ್ನು ಕೆರೆದು ತೆಗೆಯುವ ಔಷಧಿ ಹುಡುಕುತ್ತಾರೆ. ಆದರೆ ಈ ಸುಣ್ಣ ಇರುವುದು ನಾಳದ ಗೋಡೆಯೊಳಗೆ. ಮೊದಲು ಅಲ್ಲಿ ಕೊಲೆಸ್ಟ್ರಾಲ್ ಸೇರಿಕೊಳ್ಳುತ್ತದೆ. ಅದರ ಸುತ್ತ ಉರಿಯೂತ ಶುರುವಾಗುತ್ತದೆ, ಜೀವಕೋಶಗಳು ಸಾಯುತ್ತವೆ. ಗೋಡೆಯ ಕೆಲವು ಜೀವಕೋಶಗಳು ಮೂಳೆ ಕಟ್ಟುವ ಜೀವಕೋಶಗಳ ಹಾಗೆ ನಡೆದುಕೊಳ್ಳುತ್ತವೆ. ಸುಣ್ಣ ಕೂರುವುದು ಆಮೇಲೆ. ಅಂದರೆ ಸ್ಕ್ಯಾನಿನಲ್ಲಿ ಕಾಣುವುದು ಹಳೆಯ ಗಾಯದ ಗುರುತು. ಹಾರ್ಟ್ ಅಟ್ಯಾಕ್ ತರುವುದು ಹೆಚ್ಚಾಗಿ ಅದರ ಪಕ್ಕದಲ್ಲಿರುವ, ಇನ್ನೂ ಗಟ್ಟಿಯಾಗದ ಮೆತ್ತನೆಯ ಕೊಬ್ಬಿನ ಗಡ್ಡೆ. ಅದು ಒಡೆದರೆ ಅಲ್ಲೇ ರಕ್ತ ಹೆಪ್ಪುಗಟ್ಟುತ್ತದೆ.

ಹಾಗಾದರೆ ಕೆ-2 ಮಾತು ಬಂದದ್ದು ಎಲ್ಲಿಂದ? ಗಾಳಿಯಿಂದ ಬಂದದ್ದಲ್ಲ. ನಾಳದ ಗೋಡೆಯಲ್ಲಿ ಎಂಜಿಪಿ ಎಂಬ ಪ್ರೋಟೀನ್ ಇದೆ. ಸುಣ್ಣ ಕೂರದಂತೆ ತಡೆಯುವುದು ಅದರ ಕೆಲಸ. 1997ರಲ್ಲಿ ಈ ಪ್ರೋಟೀನ್ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಹುಟ್ಟಿದ ಎರಡು ತಿಂಗಳೊಳಗೆ ಅವುಗಳ ರಕ್ತನಾಳ ಸುಣ್ಣಗಟ್ಟಿ ಒಡೆದು ಅವು ಸತ್ತವು. ಎಂಜಿಪಿ ಕೆಲಸ ಮಾಡಬೇಕಾದರೆ ವಿಟಮಿನ್ ಕೆ ಬೇಕು. 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಿಂದ ಇನ್ನೊಂದು ವರದಿ ಬಂತು. 4,807 ಜನರ ಊಟದ ಲೆಕ್ಕ ಇಟ್ಟಿದ್ದರು. ಆಹಾರದಲ್ಲಿ ಕೆ-2 ಜಾಸ್ತಿ ಇದ್ದವರಲ್ಲಿ ಹೃದಯದ ಕಾಯಿಲೆಯಿಂದ ಸಾವು ಕಡಿಮೆ ಇತ್ತು. ಆಸೆ ಹುಟ್ಟುವುದು ಸಹಜ, ಅಲ್ವಾ?

ಆದರೆ ಊಟದ ಲೆಕ್ಕ ಬೇರೆ, ಮಾತ್ರೆ ಕೊಟ್ಟು ನೋಡುವುದು ಬೇರೆ. ಡೆನ್ಮಾರ್ಕಿನಲ್ಲಿ ಮಾತ್ರೆ ಕೊಟ್ಟೇ ನೋಡಿದರು. ಹೃದಯದ ಕವಾಟದಲ್ಲಿ ಸುಣ್ಣ ಕಟ್ಟಿದ್ದ 365 ಗಂಡಸರು. ಅರ್ಧ ಜನಕ್ಕೆ ದಿನಕ್ಕೆ 720 ಮೈಕ್ರೋಗ್ರಾಂ ಕೆ-2, ಜೊತೆಗೆ ವಿಟಮಿನ್ ಡಿ. ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ಎರಡು ವರ್ಷವಾದ ಮೇಲೆ, 2022ರಲ್ಲಿ ಫಲಿತಾಂಶ ಬಂತು. ಕವಾಟದ ಸುಣ್ಣ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ ಸಮ ಏರಿತ್ತು. ಹೃದಯದ ನಾಳಗಳಲ್ಲೂ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ಕೋರ್ 400 ದಾಟಿದ್ದವರಲ್ಲಿ ಮಾತ್ರ ಏರಿಕೆ ಸ್ವಲ್ಪ ನಿಧಾನವಾದಂತೆ ಕಂಡಿತು. ಅದು ಚಿಕ್ಕ ಗುಂಪು. ಬೇರೆ ಪ್ರಯೋಗದಲ್ಲಿ ಮತ್ತೆ ಕಾಣುವವರೆಗೆ ಅದನ್ನು ನಂಬಿ ಮಾತ್ರೆ ಬರೆಯುವುದು ಸರಿಯಲ್ಲ. ಅಲ್ಲೂ ಏರಿಕೆ ನಿಧಾನವಾದದ್ದೇ ಹೊರತು ಇದ್ದ ಸುಣ್ಣ ಕರಗಲಿಲ್ಲ.

ಈ ದಾರಿಯಲ್ಲಿ ವೈದ್ಯರೂ ಹಿಂದೆ ಎಡವಿದ್ದಾರೆ. ವಿಟಮಿನ್ ಇ ಹೃದಯ ಕಾಯುತ್ತದೆ ಅಂತ ಒಂದು ಕಾಲದಲ್ಲಿ ಧಾರಾಳವಾಗಿ ಬರೆದುಕೊಟ್ಟರು. 2000ದಲ್ಲಿ 9,541 ಜನರ ಪ್ರಯೋಗ ಬಂತು, ಲಾಭ ಇಲ್ಲ ಅಂತ ಗೊತ್ತಾಯಿತು. ರಕ್ತದಲ್ಲಿರುವ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲದ ಕಥೆಯೂ ಅದೇ. ರಕ್ತದಲ್ಲಿ ಅದು ಜಾಸ್ತಿ ಇದ್ದವರಿಗೆ ಹೃದಯಾಘಾತ ಜಾಸ್ತಿ. ಫೋಲಿಕ್ ಆಸಿಡ್, ಬಿ-6, ಬಿ-12 ಕೊಟ್ಟರೆ ಅದು ಇಳಿಯುತ್ತದೆ. ಹಾಗಾದರೆ ಹೃದಯಾಘಾತವೂ ಇಳಿಯಬೇಕಲ್ಲ? 2006ರಲ್ಲಿ 5,522 ಜನರ ಪ್ರಯೋಗ ಮುಗಿಯಿತು. ಹೋಮೋಸಿಸ್ಟೀನ್ ಇಳಿದಿತ್ತು, ಹೃದಯಾಘಾತ ಇಳಿದಿರಲಿಲ್ಲ.

ಬಿ-12 ಕೊರತೆಯೇ ಇದ್ದರೆ ಮಾತು ಬೇರೆ. ನಮ್ಮಲ್ಲಿ ಸಸ್ಯಾಹಾರಿಗಳಿಗೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಿಗೆ ಅದು ಕಡಿಮೆಯಾಗುವುದು ಸಾಮಾನ್ಯ. ಮೇಷ್ಟ್ರಿಗೂ ಕಡಿಮೆ ಇತ್ತು. ಪಾದ ಜುಮ್ಮೆನ್ನುತ್ತಿತ್ತು. ಅವರಿಗೆ ಬಿ-12 ಬರೆದುಕೊಟ್ಟೆ. ಅದು ನರಕ್ಕಾಗಿ, ರಕ್ತಕ್ಕಾಗಿ.

ವಿಟಮಿನ್ ಡಿ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ 60,000 ಯೂನಿಟ್ಟಿನ ಪುಡಿ ಪ್ಯಾಕೆಟ್ ವಾರಕ್ಕೊಂದರಂತೆ, ಕೆಲವೇ ವಾರ ತೆಗೆದುಕೊಳ್ಳುವಂಥದ್ದು. ಅದನ್ನು ದಿನಾ ಹಾಲಿಗೆ ಹಾಕಿಕೊಂಡು ಕುಡಿದವರನ್ನು ನೋಡಿದ್ದೇನೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಮಲಬದ್ಧತೆ, ಮಂಕು ಹಿಡಿದು, ಕಿಡ್ನಿಗೂ ಪೆಟ್ಟು ಬಿದ್ದಿರುತ್ತದೆ. ಪ್ರಯೋಗಾಲಯದಲ್ಲಿ ಇಲಿಯ ರಕ್ತನಾಳಕ್ಕೆ ಸುಣ್ಣ ಕಟ್ಟಿಸಬೇಕಾದರೆ ಕೊಡುವುದೂ ಹೆಚ್ಚು ಡೋಸಿನ ವಿಟಮಿನ್ ಡಿಯನ್ನೇ.

ಲೋಹದ ಕವಾಟ ಹಾಕಿಸಿಕೊಂಡವರಂತೂ ದಯವಿಟ್ಟು ಗಮನಿಸಿ. ರಕ್ತ ತೆಳುವಾಗಿಸಲು ನೀವು ತೆಗೆದುಕೊಳ್ಳುವ ಅಸಿಟ್ರಾಮ್ ಅಥವಾ ವಾರ್ಫರಿನ್ ಕೆಲಸ ಮಾಡುವುದೇ ವಿಟಮಿನ್ ಕೆಯನ್ನು ತಡೆದು. ಮೇಲಿಂದ ಕೆ-2 ನುಂಗಿದರೆ ಮಾತ್ರೆಯ ಬಲ ಕುಗ್ಗುತ್ತದೆ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ ಇಳಿಯುತ್ತದೆ, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಪ್ರಾಣಕ್ಕೇ ಅಪಾಯ. ಮನೆಯವರು ಪ್ರೀತಿಯಿಂದ ಕಳಿಸಿದ ಬಾಟಲಿಯಾದರೂ ಮೊದಲು ನಿಮ್ಮ ವೈದ್ಯರಿಗೆ ತೋರಿಸಿ.

ಮೇಷ್ಟ್ರಿಗೆ ರಕ್ತ ತೆಳುವಾಗಿಸುವ ಮಾತ್ರೆ ಇರಲಿಲ್ಲ. ಬಾಟಲಿ ಎತ್ತಿಡಿ, ನಿಲ್ಲಿಸಿದ್ದ ಕೊಲೆಸ್ಟ್ರಾಲ್ ಮಾತ್ರೆ ಸ್ಟ್ಯಾಟಿನ್ ಇವತ್ತೇ ರಾತ್ರಿಯಿಂದ ಮತ್ತೆ ಶುರು ಮಾಡಿ ಅಂದೆ. ಅವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 148ಕ್ಕೆ ಏರಿತ್ತು. ಅದು 70ಕ್ಕಿಂತ ಕೆಳಗಿಳಿಯಬೇಕು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಹಾಗಾದ್ರೆ ಆರು ತಿಂಗಳು ಬಿಟ್ಟು ಸ್ಕೋರ್ ಮತ್ತೆ ಮಾಡಿಸಲಾ? ಇಳಿದಿದೆಯಾ ನೋಡೋಣ."

"ಬೇಡ ಮೇಷ್ಟ್ರೇ" ಅಂದೆ. "ಸ್ಟ್ಯಾಟಿನ್ ತಗೊಂಡವರಲ್ಲಿ ಮೆತ್ತನೆಯ ಗಡ್ಡೆ ಗಟ್ಟಿಯಾಗುತ್ತೆ. ಹಾಗಾಗಿ ಸ್ಕೋರ್ ಸ್ವಲ್ಪ ಏರಲೂಬಹುದು. ಸುಮ್ನೆ ಹೆದರಿ ಮಾತ್ರೆ ಬಿಟ್ಟುಬಿಡ್ತೀರಿ. ಎರಡು ತಿಂಗಳು ಬಿಟ್ಟು ಎಲ್‌ಡಿಎಲ್ ಮಾಡಿಸಿಕೊಂಡು ಬನ್ನಿ."