ಮೂವತ್ತು ಮಿಲಿಗ್ರಾಮಿನ ಗೆರೆ, ಹತ್ತು ಸಾವಿರದ ದಂಡ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ನೆರೆಯ ತೋಟದಲ್ಲಿ ಅಡಿಕೆಗೆ ಮದ್ದು ಬಿಡಲು ಬರಬೇಕಾಗಿದ್ದವರು ಬರಲಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯಿಂದ ಬರುವಾಗ ಆರೂವರೆಯ ಹೊತ್ತಿಗೆ ತಪಾಸಣೆಯಲ್ಲಿ ಅವರ ಸ್ಕೂಟರನ್ನು ನಿಲ್ಲಿಸಿದ್ದರು. ಯಂತ್ರಕ್ಕೆ ಊದಿಸಿದಾಗ 41 ಎಂಬ ಅಂಕಿ ಬಂದಿತ್ತು. ಹಿಂದಿನ ರಾತ್ರಿ 11ರ ಸುಮಾರಿಗೆ ಒಂದು ಕ್ವಾರ್ಟರ್ ಬ್ರಾಂದಿ ಕುಡಿದು ಮಲಗಿ, ಎದ್ದು, ಚಾ ಕುಡಿದು ಹೊರಟಿದ್ದೆ, ತಲೆ ಸರಿಯಾಗಿಯೇ ಇತ್ತು ಎಂದು ಅವರು ಹೇಳಿದರು. ನ್ಯಾಯಾಲಯದಲ್ಲಿ ಕಟ್ಟಬೇಕಾಗಿ ಬಂದ 10,000 ರೂಪಾಯಿ ಅವರ ಒಂದು ವಾರಕ್ಕೂ ಹೆಚ್ಚಿನ ದುಡಿಮೆ. "ಕುಡಿದು ಗಾಡಿ ಬಿಟ್ಟದ್ದಲ್ಲ, ಕುಡಿದು ನಿದ್ದೆ ಮಾಡಿ ಬಿಟ್ಟದ್ದು, ಇದಕ್ಕೂ ಅದೇ ಫೈನಾ?" ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯಲ್ಲಿ ಅರ್ಧ ತಪ್ಪಿದೆ, ಅರ್ಧ ಸರಿಯಿದೆ. ಯಾವ ಅರ್ಧ ಯಾವುದು ಎಂದು ತಿಳಿಯಲು ಮೊದಲು ರಕ್ತದ ಲೆಕ್ಕವನ್ನು ನೋಡಬೇಕು.

1988ರ ಮೋಟಾರು ವಾಹನ ಕಾಯ್ದೆಯ 185ನೆಯ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದಾಗ ವಾಹನ ಚಲಾಯಿಸುವುದು ಅಪರಾಧ. ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ನಮ್ಮ ದೇಶದ ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಮದ್ಯಸಾರವಿರುತ್ತದೆ; ಆದ್ದರಿಂದ ಆ ಬಾಟಲಿಯಲ್ಲಿ ಸುಮಾರು 61 ಗ್ರಾಮ್ ಶುದ್ಧ ಮದ್ಯಸಾರವಿತ್ತು. ಅದು ಹೊಟ್ಟೆ, ಕರುಳುಗಳಿಂದ ರಕ್ತಕ್ಕೆ ಸೇರಿ ದೇಹದ ನೀರಿನಂಶದಲ್ಲೆಲ್ಲ ಹರಡುತ್ತದೆಯೇ ಹೊರತು ಕೊಬ್ಬಿನಲ್ಲಿ ಹೆಚ್ಚು ಕರಗುವುದಿಲ್ಲ. ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್ ರೂಪಿಸಿ 1932ರಲ್ಲಿ ವಿವರವಾಗಿ ಪ್ರಕಟಿಸಿದ ಸೂತ್ರವು ಈ ಕಾರಣಕ್ಕಾಗಿ ಗಂಡಸಿನ ತೂಕವನ್ನು ಸುಮಾರು 0.68ರಿಂದಲೂ ಹೆಂಗಸಿನ ತೂಕವನ್ನು ಸುಮಾರು 0.55ರಿಂದಲೂ ಗುಣಿಸಿ, ಕುಡಿದ ಮದ್ಯಸಾರವನ್ನು ಆ ಮೊತ್ತದಿಂದ ಭಾಗಿಸುತ್ತದೆ. ನಮ್ಮ ನೆರೆಯವರ ತೂಕ 60 ಕಿಲೊ ಇರಬಹುದು. ಹಾಗೆ ಲೆಕ್ಕ ಹಾಕಿದರೆ ಅವರ ರಕ್ತದ ಮಟ್ಟ 100 ಮಿಲಿಲೀಟರಿಗೆ ಸುಮಾರು 150 ಮಿಲಿಗ್ರಾಮಿನಿಂದ ಇಳಿಯಲು ತೊಡಗಿತ್ತು ಎಂದಾಗುತ್ತದೆ.

ಇಳಿಯುವ ಬಗೆಯೇ ಇಲ್ಲಿ ಮುಖ್ಯವಾದದ್ದು. ನಾವು ಸೇವಿಸುವ ಹೆಚ್ಚಿನ ಔಷಧಗಳು ರಕ್ತದಲ್ಲಿ ಹೆಚ್ಚಿದ್ದಾಗ ಬೇಗ, ಕಡಿಮೆಯಿದ್ದಾಗ ನಿಧಾನವಾಗಿ ಕರಗುತ್ತವೆ. ಮದ್ಯಸಾರ ಹಾಗಲ್ಲ. ಅದನ್ನು ಒಡೆಯುವ ಯಕೃತ್ತಿನ ಕಿಣ್ವಗಳು ಸ್ವಲ್ಪ ಪ್ರಮಾಣಕ್ಕೇ ತಮ್ಮ ಪೂರ್ಣ ಸಾಮರ್ಥ್ಯವನ್ನು ಮುಟ್ಟುವುದರಿಂದ, ಸಾಲಿನಲ್ಲಿ ಎಷ್ಟೇ ಮಂದಿ ನಿಂತಿದ್ದರೂ ಒಂದೇ ವೇಗದಲ್ಲಿ ಅಕ್ಕಿ ಅಳೆಯುವ ರೇಷನ್ ಅಂಗಡಿಯಂತೆ, ಗಂಟೆಗೆ ಸುಮಾರು 15 ಮಿಲಿಗ್ರಾಮಿನಂತೆ ಮಾತ್ರ ಮಟ್ಟ ಇಳಿಯುತ್ತದೆ. ಕೆಲವರಲ್ಲಿ ಅದು 10, ಕೆಲವರಲ್ಲಿ 20. ಚಾ, ಕಾಫಿ, ಮಜ್ಜಿಗೆ, ತಣ್ಣೀರಿನ ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ, ನಿದ್ದೆಯೂ ಹೆಚ್ಚಿಸುವುದಿಲ್ಲ. ರಾತ್ರಿ 11ರಿಂದ ಬೆಳಿಗ್ಗೆ ಆರೂವರೆಯವರೆಗಿನ ಏಳೂವರೆ ಗಂಟೆಯಲ್ಲಿ 112ರಷ್ಟು ಇಳಿದರೆ ಉಳಿಯುವುದು 38. ಯಂತ್ರ ತೋರಿಸಿದ 41 ಈ ಲೆಕ್ಕಕ್ಕೆ ಬಹಳ ಹತ್ತಿರದಲ್ಲಿದೆ. ಯಂತ್ರ ಸುಳ್ಳು ಹೇಳಿರಲಿಲ್ಲ, ಅವರೂ ಸುಳ್ಳು ಹೇಳಿರಲಿಲ್ಲ.

ಉಸಿರಿನಿಂದ ರಕ್ತದ ಮಟ್ಟವನ್ನು ಅಳೆಯುವುದನ್ನು ಅನ್ಯಾಯವೆನ್ನುವವರೂ ನಮ್ಮಲ್ಲಿ ಇದ್ದಾರೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ರಕ್ತ ಮತ್ತು ಉಸಿರು ತೀರ ತೆಳುವಾದ ಪೊರೆಯ ಎರಡು ಬದಿಗಳಲ್ಲಿರುವುದರಿಂದ ಮದ್ಯಸಾರವು ಎರಡರ ನಡುವೆ ಒಂದು ನಿಶ್ಚಿತ ಪ್ರಮಾಣದಲ್ಲಿ ಹಂಚಿಹೋಗುತ್ತದೆ. 1 ಮಿಲಿಲೀಟರ್ ರಕ್ತದಲ್ಲಿರುವಷ್ಟು ಮದ್ಯಸಾರ 2,100 ಮಿಲಿಲೀಟರ್ ಉಸಿರಿನಲ್ಲಿರುತ್ತದೆ ಎಂದು ಹಿಡಿದು ಯಂತ್ರಗಳು ಲೆಕ್ಕ ಮಾಡುತ್ತವೆ. ನಿಜವಾದ ಅನುಪಾತವು ಹೆಚ್ಚಿನವರಲ್ಲಿ ಇದಕ್ಕಿಂತ ತುಸು ದೊಡ್ಡದು. ಆದ್ದರಿಂದ ಸಾಮಾನ್ಯವಾಗಿ ಯಂತ್ರದ ತಪ್ಪು ಚಾಲಕನ ಪರವಾಗಿಯೇ ಇರುತ್ತದೆ.

ನಿಜವಾದ ತೊಂದರೆ ಬಾಯಿಯಲ್ಲಿದೆ. ದಶಮೂಲಾರಿಷ್ಟದಂತಹ ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ಹುಟ್ಟಿದ ಮದ್ಯಸಾರವಿರುತ್ತದೆ; ಅದನ್ನು ಕುಡಿದ ಕೂಡಲೇ ಊದಿದರೆ ಯಂತ್ರವು ಬಾಯಿಯಲ್ಲಿ ಉಳಿದ ಆವಿಯನ್ನೇ ರಕ್ತದಿಂದ ಬಂದದ್ದೆಂದು ಎಣಿಸುತ್ತದೆ. 2025ರಲ್ಲಿ ಕೇರಳದ ಪಂದಳಂ ಬಸ್ ಡಿಪೊದಲ್ಲಿ ಚೆನ್ನಾಗಿ ಹಣ್ಣಾದ ಬಕ್ಕೆ ಹಲಸಿನ ತೊಳೆ ತಿಂದ ಚಾಲಕರು ಊದಿದಾಗ ಯಂತ್ರವು ಮದ್ಯಸಾರವಿದೆಯೆಂದು ತೋರಿಸಿತ್ತು. ಬಾಯಿಯ ಆವಿ ಹದಿನೈದು ನಿಮಿಷಗಳಲ್ಲಿ ಹೋಗಿಬಿಡುತ್ತದೆ, ರಕ್ತದ್ದು ಹೋಗುವುದಿಲ್ಲ. ಹದಿನೈದು ನಿಮಿಷ ಕೂರಿಸಿ ಮತ್ತೊಮ್ಮೆ ಊದಿಸಿದರೆ ಎರಡನ್ನೂ ಬೇರ್ಪಡಿಸಬಹುದು. ಈ ಹದಿನೈದು ನಿಮಿಷಗಳನ್ನು ಪ್ರತಿಯೊಬ್ಬ ಚಾಲಕನ ಹಕ್ಕೆಂದು ಪರಿಗಣಿಸಬೇಕು ಎಂಬುದು ನನ್ನ ಅಭಿಪ್ರಾಯ. ಗಡಿನಾಡಿನ ನಮಗೆ ಇನ್ನೊಂದು ಮಾತೂ ಇದರೊಡನೆ ಸೇರುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿರುವಾಗ, ಮಲೆಯಾಳ ಓದಲು ಬಾರದವನು ತಾನು ಸಹಿ ಹಾಕುವ ಕಾಗದದಲ್ಲಿ ಏನಿದೆ ಎಂದು ಕನ್ನಡದಲ್ಲಿ ತಿಳಿದುಕೊಳ್ಳುವಂತಿರಬೇಕು.

ಅಳತೆ ಸರಿಯಿದ್ದರೆ 30ರ ಗೆರೆಯೂ ಸರಿಯೇ? ನಾನು ಸರಿಯೆನ್ನುತ್ತೇನೆ. ಮದ್ಯಸಾರವು ಮಿದುಳಿನಲ್ಲಿ ಮೊದಲು ಮಂಕಾಗಿಸುವುದು ಏಕಕಾಲದಲ್ಲಿ ಎರಡು ಕಡೆ ಗಮನವಿಡುವ ಶಕ್ತಿಯನ್ನು. ತಾನು ಮಂಕಾಗಿದ್ದೇನೆಂದು ತಿಳಿಯುವ ವಿವೇಚನೆಯೂ ಜೊತೆಗೇ ಕುಂದುತ್ತದೆ. ಆದ್ದರಿಂದಲೇ "ತಲೆ ಸರಿಯಾಗಿಯೇ ಇತ್ತು" ಎಂಬ ಸಾಕ್ಷ್ಯಕ್ಕೆ, ಅದನ್ನು ನುಡಿದವರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ಬೆಲೆ ಕಡಿಮೆ. ತಿರುವು, ಹೊಂಡ, ಎದುರಿನ ದೀಪಗಳ ಪ್ರಖರ ಬೆಳಕು ಎಲ್ಲವೂ ಇರುವ ನಮ್ಮ ದಾರಿಗಳಲ್ಲಿ, ಅದರಲ್ಲೂ ಸಮತೋಲದ ಮೇಲೆಯೇ ನಿಂತಿರುವ ದ್ವಿಚಕ್ರ ವಾಹನದಲ್ಲಿ, ಆ ಸಣ್ಣ ಮಂಕೂ ಸಾಕಾಗುತ್ತದೆ.

ಆದರೆ ಗೆರೆ ದಾಟಿದ ಮೇಲೆ ಅಪಾಯವು ಏರುವ ಬಗೆಗೂ ನಮ್ಮ ದಂಡದ ಬಗೆಗೂ ಹೊಂದಾಣಿಕೆಯಿಲ್ಲ. ಅಮೆರಿಕದ ಲಾಂಗ್ ಬೀಚ್ ಮತ್ತು ಫೋರ್ಟ್ ಲಾಡರ್‌ಡೇಲ್ ನಗರಗಳಲ್ಲಿ ಅಪಘಾತಕ್ಕೊಳಗಾದ ಚಾಲಕರನ್ನೂ ಅದೇ ಜಾಗದಲ್ಲಿ ಅಪಘಾತವಿಲ್ಲದೆ ಸಾಗುತ್ತಿದ್ದವರನ್ನೂ ಹೋಲಿಸಿ ನಡೆಸಿದ ಅಧ್ಯಯನದಲ್ಲಿ, ಕುಡಿಯದವನಿಗೆ ಹೋಲಿಸಿದರೆ 40ರ ಮಟ್ಟದಲ್ಲಿ ಅಪಘಾತದ ಸಾಧ್ಯತೆ ಸುಮಾರು 1.2 ಪಟ್ಟು, 80ರಲ್ಲಿ 2.7 ಪಟ್ಟು, 100ರಲ್ಲಿ 4.8 ಪಟ್ಟು, 150ರಲ್ಲಿ 22 ಪಟ್ಟು ಎಂದು ಕಂಡುಬಂತು. ಇದು ಮೆಟ್ಟಿಲಲ್ಲ, ಕಡಿದಾದ ಗುಡ್ಡ. ನಮ್ಮ ಕಾನೂನಾದರೋ 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಹಿಂದೆ 2,000 ರೂಪಾಯಿವರೆಗಿದ್ದ ಮೊದಲ ಸಲದ ದಂಡವನ್ನು ನೇರವಾಗಿ 10,000 ಎಂದು ಗೊತ್ತುಪಡಿಸಿತು. ಆರು ತಿಂಗಳವರೆಗಿನ ಸಜೆಯನ್ನೂ ವಿಧಿಸಬಹುದು. ಎರಡನೆಯ ಸಲಕ್ಕೆ 15,000 ರೂಪಾಯಿ ಅಥವಾ ಎರಡು ವರ್ಷಗಳವರೆಗಿನ ಸಜೆ, ಇಲ್ಲವೇ ಎರಡೂ. ಸಜೆಯ ವಿಚಾರವನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿದ್ದರೂ ದಂಡದ ಮೊತ್ತವು 41ಕ್ಕೂ 150ಕ್ಕೂ ಒಂದೇ. ಗುಡ್ಡದ ಬುಡದಲ್ಲಿರುವವನಿಗೂ ತುದಿಯಲ್ಲಿರುವವನಿಗೂ ಒಂದೇ ಸುಂಕ.

ಹಾನಿಯಾದ ಮೇಲೆ ಮಾತ್ರ ಕಾನೂನಿನ ಕೈ ಬಿಗಿಯಾಗುತ್ತದೆ. 2006ರ ನವೆಂಬರಿನಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಪಾದಚಾರಿ ದಾರಿಯ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು ಏಳು ಮಂದಿ ಸತ್ತರು. ಚಾಲಕನ ರಕ್ತದಲ್ಲಿ 112 ಮಿಲಿಗ್ರಾಮ್ ಮದ್ಯಸಾರವಿತ್ತು. ಕೆಳಗಿನ ನ್ಯಾಯಾಲಯ ಕೊಟ್ಟದ್ದು ಆರು ತಿಂಗಳು. ಮುಂಬಯಿ ಹೈಕೋರ್ಟು ಅದನ್ನು ಮೂರು ವರ್ಷಕ್ಕೇರಿಸಿತು, 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ 112ರಲ್ಲಿ ಯಾರಿಗೂ ತಾಗದೆ ಮನೆ ಸೇರುವಾಗ ಸಿಕ್ಕಿಬಿದ್ದವನು 10,000 ಕಟ್ಟಿ ಹೋಗಬಹುದು. ಇಬ್ಬರೂ ಮಾಡಿದ ಆಯ್ಕೆ ಒಂದೇ, ದಾರಿಯಲ್ಲಿ ಯಾರು ಮಲಗಿದ್ದರು ಎಂಬುದಷ್ಟೇ ಬೇರೆ. ಹಾನಿಗೆ ಶಿಕ್ಷೆ ಬೇಕು. ಆದರೆ ಹಾನಿಯಾಗುವ ಮೊದಲೇ ಅಪಾಯವನ್ನು ತೂಗುವ ಶಿಕ್ಷೆ ನಮ್ಮಲ್ಲಿ ದುರ್ಬಲವಾಗಿದೆ.

ಸ್ವೀಡನ್ನಿನಲ್ಲಿ 20 ಮಿಲಿಗ್ರಾಮಿಗೆ ಅಪರಾಧ ಶುರುವಾಗಿ 100ಕ್ಕೆ ಅದು ಘೋರ ಅಪರಾಧವಾಗುತ್ತದೆ. ಫಿನ್ಲೆಂಡಿನಲ್ಲಿ ದಂಡವನ್ನು ರೂಪಾಯಿಯಂತಹ ಹಣದ ಮೊತ್ತದಲ್ಲಲ್ಲ, ದಿನಗಳಲ್ಲಿ ವಿಧಿಸುತ್ತಾರೆ. ಒಂದು ದಿನದ ಬೆಲೆ ಎಷ್ಟೆಂಬುದು ಆ ವ್ಯಕ್ತಿಯ ಆದಾಯವನ್ನು ಅವಲಂಬಿಸುತ್ತದೆ. ಮರ ಹತ್ತಿ ಮದ್ದು ಬಿಡುವವರಿಗೂ ಗಲ್ಫಿನಿಂದ ರಜೆಗೆ ಬಂದು ದೊಡ್ಡ ಕಾರು ಓಡಿಸುವವರಿಗೂ 10,000 ರೂಪಾಯಿ ಒಂದೇ ತೂಕದ್ದಲ್ಲ. ನಮ್ಮ ಕಾಯ್ದೆಯಲ್ಲಿ ಇದಕ್ಕೊಂದು ಸಣ್ಣ ಬಾಗಿಲು ಆಗಲೇ ಇದೆ: 210ಎ ಸೆಕ್ಷನ್ ಪ್ರಕಾರ ರಾಜ್ಯ ಸರಕಾರವು ದಂಡಗಳನ್ನು ಒಂದರಿಂದ ಹತ್ತರವರೆಗಿನ ಗುಣಕದಿಂದ ಹೆಚ್ಚಿಸಬಹುದು, ಬೇರೆ ಬೇರೆ ವರ್ಗದ ವಾಹನಗಳಿಗೆ ಬೇರೆ ಗುಣಕವನ್ನೂ ಇಡಬಹುದು. ವಾಹನದ ವರ್ಗವು ಆದಾಯದ ನಿಖರ ಅಳತೆಯಲ್ಲ, ಆದರೆ ಎಲ್ಲರಿಗೂ ಒಂದೇ ಎನ್ನುವುದಕ್ಕಿಂತ ಅದು ನ್ಯಾಯಕ್ಕೆ ಹತ್ತಿರ; ಭಾರದ ವಾಹನ ಎದುರಿನವರಿಗೆ ಮಾಡುವ ಹಾನಿಯೂ ಹೆಚ್ಚು.

ಮೊತ್ತ ಹೆಚ್ಚಿಸಿದರೆ ಕುಡಿದು ಓಡಿಸುವವರು ಕಡಿಮೆಯಾಗುತ್ತಾರೆಯೇ? ಶಿಕ್ಷೆಯ ಉಗ್ರತೆಗಿಂತ ಅದರ ಖಚಿತತೆ ಹೆಚ್ಚು ತಡೆಯುತ್ತದೆ ಎಂದು ಇಟಲಿಯ ಕಾನೂನು ಚಿಂತಕ ಬೆಕಾರಿಯಾ 1764ರಲ್ಲೇ ವಾದಿಸಿದ್ದರು. ಬ್ರಿಟನ್ನಿನಲ್ಲಿ 1967ರಲ್ಲಿ ಉಸಿರು ಪರೀಕ್ಷೆ ಬಂದಾಗ ಸಾವುನೋವು ಥಟ್ಟನೆ ಇಳಿಯಿತು. ಸಿಕ್ಕಿಬೀಳುವುದು ಅಪರೂಪವೆಂದು ಜನರಿಗೆ ಅರಿವಾದಂತೆ ಆ ಪರಿಣಾಮ ಸವೆಯಿತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ 1982ರ ಡಿಸೆಂಬರಿನಿಂದ ಅನುಮಾನವಿರಲಿ ಇಲ್ಲದಿರಲಿ ಯಾರನ್ನಾದರೂ ನಿಲ್ಲಿಸಿ ಊದಿಸತೊಡಗಿತು, ಅದನ್ನು ಬಿಡದೆ ಮುಂದುವರಿಸಿತು. ಅಲ್ಲಿ ಇಳಿಕೆ ವರ್ಷಗಟ್ಟಲೆ ನಿಂತಿತು. ಹಾಗೆಂದು ಉಗ್ರತೆ ವ್ಯರ್ಥವೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 80ರ ಮತ್ತು 150ರ ಗೆರೆಗಳನ್ನು ತುಸುವೇ ದಾಟಿ ಹೆಚ್ಚಿನ ಶಿಕ್ಷೆಗೆ ಗುರಿಯಾದವರು, ತುಸುವೇ ಕೆಳಗಿದ್ದು ಪಾರಾದವರಿಗಿಂತ ಕಡಿಮೆ ಸಂಖ್ಯೆಯಲ್ಲಿ ಮತ್ತೆ ಸಿಕ್ಕಿಬಿದ್ದರು ಎಂಬುದನ್ನು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಕ್ಷೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅದೇ ಒಳ್ಳೆಯ ಆಧಾರ. ನಮ್ಮಲ್ಲಿ ತಪಾಸಣೆ ಎಲ್ಲಿದೆಯೆಂದು ವಾಟ್ಸಾಪಿನಲ್ಲಿ ತಿಳಿದ ಕೂಡಲೇ ಗಾಡಿಗಳು ಒಳದಾರಿ ಹಿಡಿಯುತ್ತವೆ. ದಾರಿ ತಿಳಿದವನು, ಫೋನಿದ್ದವನು ತಪ್ಪಿಸಿಕೊಳ್ಳುತ್ತಾನೆ, ಬೆಳಿಗ್ಗೆ ಕೆಲಸಕ್ಕೆ ಹೊರಟವನು ಸಿಗುತ್ತಾನೆ.

ಈ ಲೆಕ್ಕವನ್ನೆಲ್ಲ ನಾನು ನೆರೆಯವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು, "ಹಾಗಾದರೆ ಮಾಷ್ಟ್ರೇ, ಅಷ್ಟು ಕುಡಿದರೆ ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬಹುದು?" ಎಂದು ಕೇಳಿದರು. ಗಂಟೆಗೆ 15ರಂತೆ ಇಳಿದರೆ ಏಳು ಗಂಟೆಗೆ 30ಕ್ಕೆ ಬಂದು ಮುಟ್ಟುತ್ತದೆ, ಆದರೆ ನಿಮ್ಮ ಯಕೃತ್ತು ನಿಧಾನದ್ದಾಗಿದ್ದು 10ರಂತೆ ಇಳಿದರೆ ಹನ್ನೊಂದಾಗುತ್ತದೆ, ಪೂರ್ತಿ ಸೊನ್ನೆಯಾಗಲು ಇನ್ನೂ ಮೂರು ಗಂಟೆ ಬೇಕು ಎಂದೆ. ಮಳೆ ಬಿಟ್ಟಿರುವಾಗಲೇ ಮದ್ದು ಬಿಟ್ಟು ಮುಗಿಸಬೇಕು, ಏಳು ಗಂಟೆಗೆ ಮರದ ಬುಡದಲ್ಲಿರಬೇಕು. "ಹಾಗಾದರೆ ಕೆಲಸದ ಹಿಂದಿನ ರಾತ್ರಿ ಆಗುವುದಿಲ್ಲ" ಎಂದು ಅವರೇ ಲೆಕ್ಕ ಮುಗಿಸಿದರು.