60 ಪಟ್ಟು ತೋರಿಸುವ ರೈಫಲ್ ಸ್ಕೋಪ್ ಇದೆ, ಸ್ಪಾಟಿಂಗ್ ಸ್ಕೋಪ್ ಬೇರೆ ಬೇಕಾ?

ಪ್ರಶ್ನೆ: ನಾನಿರುವುದು ಅರಿಝೋನಾದ ಫೀನಿಕ್ಸ್‌ನಲ್ಲಿ. ಎಫ್-ಕ್ಲಾಸ್ ಶೂಟಿಂಗ್, ಅಂದರೆ ಮಲಗಿಕೊಂಡು ರೈಫಲನ್ನು ಆಸರೆಯ ಮೇಲಿಟ್ಟು ದೂರದ ಟಾರ್ಗೆಟ್‌ಗೆ ಹೊಡೆಯುವ ಆಟ, ಶುರು ಮಾಡಿ ಒಂದು ವರ್ಷವಾಯಿತು. ನನ್ನ .308 ರೈಫಲ್ ಮೇಲೆ 10-60×52 ಅಳತೆಯ (10ರಿಂದ 60 ಪಟ್ಟು, ಮುಂದಿನ ಲೆನ್ಸ್ 52 ಮಿಲಿಮೀಟರ್) ಜಪಾನಿನ ಸ್ಕೋಪ್ ಇದೆ. ಅದಕ್ಕೇ ಜೇಬು ಖಾಲಿಯಾಗಿದೆ. ಈಗ ರೇಂಜಿನಲ್ಲಿ ಎಲ್ಲರೂ ಸ್ಪಾಟಿಂಗ್ ಸ್ಕೋಪ್ (ಪಕ್ಕದಲ್ಲಿ ಸ್ಟ್ಯಾಂಡಿನ ಮೇಲಿಟ್ಟು ನೋಡುವ ದುರ್ಬೀನು) ತಗೋ ಅನ್ನುತ್ತಿದ್ದಾರೆ. ಅದೂ 60 ಪಟ್ಟೇ ತೋರಿಸೋದು. ನನ್ನ ಹತ್ತಿರ 60 ಆಗಲೇ ಇದೆಯಲ್ಲ, ಇನ್ನೊಂದು ಯಾಕೆ?

ಉತ್ತರ: ಬೇಕು. ಆದರೆ ಗುಂಡಿನ ತೂತು ನೋಡೋಕೆ ಅಂತ ತಗೊಂಡರೆ ದುಡ್ಡು ದಂಡ.

ಮೊದಲು ಆ ತೂತಿನ ಲೆಕ್ಕವನ್ನೇ ಮುಗಿಸಿಬಿಡೋಣ. .308 ಗುಂಡಿನ ತೂತು ಹೆಚ್ಚೆಂದರೆ 7.8 ಮಿಲಿಮೀಟರ್, ಒಂದು ಕಡಲೆಕಾಳಿನಷ್ಟು. ಒಂದು ಡಿಗ್ರಿಯನ್ನು 3600 ಚೂರು ಮಾಡಿದರೆ ಒಂದು ಚೂರಿಗೆ ಆರ್ಕ್ ಸೆಕೆಂಡ್ ಅನ್ನುತ್ತಾರೆ. 1000 ಗಜದಾಚೆ ನಮ್ಮ ಕಡಲೆಕಾಳು ಅಂಥ ಎರಡು ಚೂರಿನಷ್ಟೂ ಇರುವುದಿಲ್ಲ, 1.8ರ ಹತ್ತಿರ. ಇನ್ನು ಲೆನ್ಸಿನ ಕಡೆಯಿಂದ ನೋಡೋಣ. 116 ಅನ್ನು ಮುಂದಿನ ಲೆನ್ಸಿನ ಅಗಲದಿಂದ, ಅಂದರೆ ಮಿಲಿಮೀಟರ್ ಸಂಖ್ಯೆಯಿಂದ, ಭಾಗಿಸಿ. ಆ ಲೆನ್ಸ್ ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ವಿವರ ಎಷ್ಟು ಆರ್ಕ್ ಸೆಕೆಂಡ್ ಅಂತ ಸಿಗುತ್ತದೆ. ಆಕಾಶ ನೋಡುವವರು 19ನೇ ಶತಮಾನದಿಂದ ಬಳಸುತ್ತಿರುವ ಲೆಕ್ಕ ಇದು. ನಿಮ್ಮ 52 ಮಿಲಿಮೀಟರಿಗೆ 2.2 ಬರುತ್ತದೆ. ಕೋವಾ ಟಿಎಸ್‌ಎನ್-883 ಸ್ಪಾಟಿಂಗ್ ಸ್ಕೋಪಿನ 88 ಮಿಲಿಮೀಟರಿಗೆ 1.3.

ಎರಡೂ 60 ಪಟ್ಟೇ, ಆದರೂ ಒಂದಕ್ಕೆ ಸಾಧ್ಯ, ಇನ್ನೊಂದಕ್ಕೆ ಆಗದು. ಪಾಸ್‌ಪೋರ್ಟ್ ಸೈಜ್ ಫೋಟೋ ಕೊಟ್ಟು ಫ್ಲೆಕ್ಸ್ ಮಾಡಿಸುತ್ತಾರಲ್ಲ, ಹಾಗೆ. ಮುಖ ದೊಡ್ಡದೇನೋ ಆಗುತ್ತದೆ, ಕೆನ್ನೆಯ ಮಚ್ಚೆ ಮಾತ್ರ ಕಾಣುವುದಿಲ್ಲ.

ಹಾಗಾದರೆ 88ರದ್ದು ತಂದರೆ ತೂತು ಕಾಣುತ್ತಾ? ಅದೂ ಇಲ್ಲ. ಮೇಲಿನ ಲೆಕ್ಕ ಗಾಳಿ ಕದಲದೆ ನಿಂತಾಗಿನ ಮಾತು. ನಿಮ್ಮ ಊರಿನ ಬಿಸಿಲಿಗೆ ನೆಲದಿಂದ ಏಳುವ ಬಿಸಿಗಾಳಿ ಈ ಒಂದೆರಡು ಆರ್ಕ್ ಸೆಕೆಂಡನ್ನೆಲ್ಲ ಬೆಳಗ್ಗೆಯೇ ನುಂಗಿಬಿಡುತ್ತದೆ. 300 ಗಜದಲ್ಲಿ, ತಂಪು ಹೊತ್ತಿನಲ್ಲಿ, ಬಿಳಿ ಕಾಗದದ ಮೇಲೆ ಎರಡರಲ್ಲೂ ತೂತು ಕಂಡೀತು. 1000 ಗಜದಲ್ಲಿ ಆಸೆ ಬಿಡಿ.

ನಿಮ್ಮ ಆಟದಲ್ಲಿ ತೂತು ಹುಡುಕುವ ದರ್ದೂ ಇಲ್ಲ, ಅಲ್ವಾ? ಟಾರ್ಗೆಟ್ ಕೆಳಗಿನ ಗುಂಡಿಯಲ್ಲಿ ಕೂತವರು ಅದನ್ನು ಇಳಿಸಿ, ತೂತಿಗೆ ಬಿಲ್ಲೆ ಸಿಕ್ಕಿಸಿ, ಮತ್ತೆ ಏರಿಸುತ್ತಾರೆ. ಎಲೆಕ್ಟ್ರಾನಿಕ್ ಟಾರ್ಗೆಟ್ ಆದರೆ ಪಕ್ಕದ ಟ್ಯಾಬ್ಲೆಟ್‌ನಲ್ಲೇ ಚುಕ್ಕೆ ಮೂಡುತ್ತದೆ.

ಅಂಕ ಕಳೆಯುವುದು ಗಾಳಿ. 1000 ಗಜದ ಟಾರ್ಗೆಟ್‌ನಲ್ಲಿ ಹತ್ತರ ವೃತ್ತ 10 ಇಂಚು ಅಗಲ. ನಟ್ಟನಡುವಿನಿಂದ ಅದರ ಗೆರೆಗೆ ಇರುವುದು ಐದೇ ಇಂಚು. ಅಡ್ಡಗಾಳಿಯ ಅಂದಾಜು ಗಂಟೆಗೆ ಒಂದು ಮೈಲಿ ತಪ್ಪಿದರೂ .308 ಗುಂಡು ಏಳೆಂಟು ಇಂಚು ಸರಿದುಬಿಡುತ್ತದೆ. ಅಷ್ಟು ಸಣ್ಣ ಗಾಳಿಗೆ ರೇಂಜಿನ ಬಾವುಟ ಕಂಬಕ್ಕೆ ಅಂಟಿಕೊಂಡೇ ಇರುತ್ತದೆ, ನಿಮಗೇನೂ ಹೇಳುವುದಿಲ್ಲ.

ಹೇಳುವುದು ಬಿಸಿಲ್ಗುದುರೆ. ಶೂಟರ್‌ಗಳು ಮಿರಾಜ್ ಅನ್ನುತ್ತಾರೆ. ನನಗೆ ನಮ್ಮ ಮಾತೇ ಇಷ್ಟ, ಕುದುರೆ ಅಂದ ಮೇಲೆ ಓಡಲೇಬೇಕಲ್ಲ! ಕಾದ ದೋಸೆಕಲ್ಲಿನ ಮೇಲೆ ಗಾಳಿ ನಡುಗುತ್ತದಲ್ಲ, ಅದೇ ಇದು. ಸ್ಪಾಟಿಂಗ್ ಸ್ಕೋಪನ್ನು 25 ಅಥವಾ 30 ಪಟ್ಟಿಗೆ ಇಡಿ. ಮೊದಲು ಟಾರ್ಗೆಟ್ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಫೋಕಸನ್ನು ನಿಮ್ಮ ಕಡೆಗೆ, ಸುಮಾರು ಅರ್ಧ ದಾರಿಗೆ ಎಳೆದುಕೊಳ್ಳಿ. ಟಾರ್ಗೆಟ್ ಮಸುಕಾಗುತ್ತದೆ. ಅದರ ಮುಂದೆ ಗಾಳಿ ತಿಳಿನೀರಿನ ಹಾಗೆ ಹರಿಯುವುದು ಕಾಣತೊಡಗುತ್ತದೆ. ಮೆಲ್ಲನೆಯ ಗಾಳಿಗೆ ಅಲೆಗಳು ಎದ್ದು ನಿಂತು ಒಂದು ಕಡೆಗೆ ವಾಲುತ್ತವೆ. ಗಾಳಿ ಜೋರಾದಷ್ಟೂ ಮಲಗಿ ಗೆರೆಗಳಾಗುತ್ತವೆ. ಗಂಟೆಗೆ 12 ಮೈಲಿ ದಾಟಿದ ಮೇಲೆ ಪೂರ್ತಿ ಚಪ್ಪಟೆ, ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಆಗ ಬಾವುಟವೇ ಗತಿ. ಅಲೆಗಳು ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಸತ್ತಿದೆ ಎಂದರ್ಥ. ಎಷ್ಟೋ ಸಲ ಅದು ಗಾಳಿ ದಿಕ್ಕು ಬದಲಿಸುವ ಮುಂಚಿನ ಗಳಿಗೆ. ಟ್ರಿಗರ್ ಮೇಲಿನ ಬೆರಳು ತೆಗೆದು ಕಾಯಿರಿ.

ಇದನ್ನೆಲ್ಲ ರೈಫಲ್ ಸ್ಕೋಪಿನಲ್ಲೇ ನೋಡಬಾರದಾ? ನೋಡಬಹುದು, ನೋಡುವವರೂ ಇದ್ದಾರೆ. ಆದರೆ ಎಡವಟ್ಟು ಜಾಸ್ತಿ. ಹತ್ತು ಹದಿನೈದು ಗುಂಡು ಹಾರಿಸಿದ ಮೇಲೆ ನಿಮ್ಮ ಬ್ಯಾರಲ್ಲೇ ಒಲೆಯಾಗುತ್ತದೆ. ಅದರ ಬಿಸಿ ಏಳುವುದು ಸ್ಕೋಪಿನ ಮೂಗಿನ ಕೆಳಗೇ. ಯಾವುದು ರೇಂಜಿನ ಕುದುರೆ, ಯಾವುದು ಬ್ಯಾರಲಿನದು? ಅದಕ್ಕೇ ಕೆಲವರು ಬ್ಯಾರಲ್ ಉದ್ದಕ್ಕೂ ಅಗಲದ ಪಟ್ಟಿ ಬಿಗಿದಿರುತ್ತಾರೆ, ಬಿಸಿ ಆಚೀಚೆ ಹೋಗಲಿ ಅಂತ. ಇನ್ನು ಫೋಕಸ್. ರೈಫಲ್ ಸ್ಕೋಪಿನ ಪಕ್ಕದ ಗುಬುಟನ್ನು ಟಾರ್ಗೆಟ್‌ಗೆ ಹೊಂದಿಸಿ ಇಟ್ಟಿರುತ್ತೀರಿ. ಗಾಳಿ ನೋಡಲು ಅದನ್ನು ತಿರುಗಿಸಿದರೆ ಪ್ಯಾರಲಾಕ್ಸ್ ಕೆಡುತ್ತದೆ. ಆಗ ಕಣ್ಣು ಚೂರು ಸರಿದರೂ ಗುರಿಯ ಗೆರೆ ಟಾರ್ಗೆಟ್ ಮೇಲೆ ಜಾರುತ್ತದೆ.

60 ಪಟ್ಟಿನಲ್ಲಿ ಕಾಣುವ ಅಗಲವೂ ಕಡಿಮೆ. 1000 ಗಜದಲ್ಲಿ ಆರೇಳು ಮೀಟರ್ ಅಷ್ಟೇ. ನಿಮ್ಮ ಟಾರ್ಗೆಟ್ಟು, ಹೆಚ್ಚೆಂದರೆ ಪಕ್ಕದವರದು. ಎಲ್ಲರ ಟಾರ್ಗೆಟ್ಟೂ ಒಂದೇ ಥರ ಇರುವುದರಿಂದ ಬೇರೆಯವರದಕ್ಕೆ ಗುಂಡಿಟ್ಟು ಸೊನ್ನೆ ಬರೆಸಿಕೊಳ್ಳುವ ಪ್ರಸಂಗ ನಡೆಯುತ್ತಲೇ ಇರುತ್ತದೆ. 25 ಪಟ್ಟಿನ ಸ್ಪಾಟಿಂಗ್ ಸ್ಕೋಪ್ ಸುಮಾರು 40 ಮೀಟರ್ ಅಗಲ ತೋರಿಸುತ್ತದೆ. ಬೆಳಕಿನದೂ ಇದೇ ಕಥೆ. 52 ಅನ್ನು 60ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಡ್ಡಿ 0.87 ಮಿಲಿಮೀಟರ್ ದಪ್ಪ. ಚಿತ್ರ ಮಂಕು, ನಿಮ್ಮ ಕಣ್ಣೊಳಗಿನ ಎಳೆಗಳೇ ತೇಲುತ್ತಾ ಅಡ್ಡ ಬರುತ್ತವೆ. 88ರ ಲೆನ್ಸು 25 ಪಟ್ಟಿನಲ್ಲಿ ಮೂರೂವರೆ ಮಿಲಿಮೀಟರ್ ಕೊಡುತ್ತದೆ. ಎಷ್ಟು ಹೊತ್ತು ನೋಡಿದರೂ ಕಣ್ಣು ಸೋಲುವುದಿಲ್ಲ.

ಹಾಗಾದರೆ ರೈಫಲ್ ಮೇಲೇ 88ರ ಲೆನ್ಸ್ ಯಾಕೆ ಕೂರಿಸುವುದಿಲ್ಲ? ತೂಕ. .308ರವರು ಸ್ಪರ್ಧಿಸುವ ಎಫ್-ಟಿಆರ್ ವಿಭಾಗದಲ್ಲಿ ಸ್ಕೋಪು, ಮುಂದಿನ ಎರಡು ಕಾಲಿನ ಸ್ಟ್ಯಾಂಡು ಎಲ್ಲ ಸೇರಿ ರೈಫಲ್ 8.25 ಕಿಲೋ ಮೀರುವಂತಿಲ್ಲ. ಐಪೀಸ್ (ಕಣ್ಣಿಡುವ ಕಡೆಯ ಲೆನ್ಸ್) ಸೇರಿದರೆ ಕೋವಾ ಒಂದೇ ಎರಡು ಕಿಲೋ ಹತ್ತಿರ ತೂಗುತ್ತದೆ. ನೈಟ್‌ಫೋರ್ಸ್‌ನವರ 15-55×52 ರೈಫಲ್ ಸ್ಕೋಪ್ 800 ಗ್ರಾಂ ಆಸುಪಾಸು. ಒದೆತ ಬೇರೆ ಇದೆ. ಪ್ರತಿ ಗುಂಡಿಗೂ ತಿನ್ನುವ ಏಟನ್ನು ತಡೆದುಕೊಂಡು ಒಳಗಿನ ಲೆನ್ಸುಗಳು ಕದಲದೆ ಕೂತಿರಬೇಕು. ನೀವು ಕೊಟ್ಟ ದುಡ್ಡಿನ ದೊಡ್ಡ ಪಾಲು ಹೋಗಿರುವುದು ಅಲ್ಲಿಗೆ, ಮತ್ತು ಆ ಕ್ಲಿಕ್ಕುಗಳಿಗೆ. ಎಂಒಎ ಅಂದರೆ ಒಂದು ಡಿಗ್ರಿಯ 60ನೇ ಒಂದು ಪಾಲು. ಎಂಟನೇ ಒಂದು ಎಂಒಎ ಕ್ಲಿಕ್ ಅಂದರೆ 1000 ಗಜದಲ್ಲಿ 1.3 ಇಂಚು. ಎಂಟು ಕ್ಲಿಕ್ ಎಡಕ್ಕೆ ತಿರುಗಿಸಿ, ಎಂಟು ಬಲಕ್ಕೆ ತಿರುಗಿಸಿದರೆ ಗುಂಡು ಮೊದಲಿನ ಜಾಗಕ್ಕೇ ವಾಪಸ್ ಬರಬೇಕು. ಗಾಜು ಎಷ್ಟೇ ಚೆನ್ನಾಗಿರಲಿ, ಈ ಮಾತು ಉಳಿಸಿಕೊಳ್ಳದ ಸ್ಕೋಪ್ ನನಗೆ ಬೇಡ.

ಸ್ಪಾಟಿಂಗ್ ಸ್ಕೋಪಿಗೆ ಇದ್ಯಾವುದರ ಹಂಗೂ ಇಲ್ಲ. ಕೊಟ್ಟ ಕಾಸೆಲ್ಲ ಗಾಜಿಗೇ. ಕೋವಾ 883ರಲ್ಲಿ ಫ್ಲೋರೈಟ್ ಹರಳಿದೆ. ಸ್ವರೋವ್ಸ್ಕಿಯ ಎಟಿಎಕ್ಸ್‌ನಲ್ಲಿ 95 ಮಿಲಿಮೀಟರ್ ಲೆನ್ಸ್ ಸಿಗುತ್ತದೆ. ಹಕ್ಕಿಯ ಗರಿಯ ಅಂಚಿನಲ್ಲಿ ನೇರಳೆ ಬಣ್ಣ ಸೋರಬಾರದು ಅನ್ನುವವರಿಗೆ ಅವು ಬೇಕೇ ಬೇಕು. ಬೇಕಂತಲೇ ಮಸುಕು ಮಾಡಿ 25 ಪಟ್ಟಿನಲ್ಲಿ ಗಾಳಿ ನೋಡುವ ನಮಗೆ? ನನ್ನ ಪ್ರಕಾರ 80 ಮಿಲಿಮೀಟರ್ ಆಸುಪಾಸಿನ ಮಧ್ಯಮ ಬೆಲೆಯದು ಸಾಕು. 60 ಅನ್ನುವ ಸಂಖ್ಯೆಗೆ ಸುಮ್ನೆ ಮಾರುಹೋಗಬೇಡಿ. ಕಡಿಮೆ ಪಟ್ಟಿನಲ್ಲಿ ಎಷ್ಟು ಅಗಲ ಕಾಣುತ್ತದೆ ಅಂತ ಕೇಳಿ. ಐಪೀಸ್ ಓರೆಯಾಗಿರುವ ಮಾದರಿಯನ್ನೇ ತಗೊಳ್ಳಿ. ನೇರ ಮಾದರಿಯಾದರೆ ಮಲಗಿಕೊಂಡು ನೋಡುವಾಗ ಕತ್ತು ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಯಾರದಾದರೂ ಸ್ಕೋಪ್ ಇಸ್ಕೊಂಡು ಒಮ್ಮೆ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ನಮ್ಮ ಕಡೆಯ ಕಥೆ ಉಲ್ಟಾ. ನಾನು ಹೊಡೆಯುವುದು 50 ಮೀಟರ್ ಪ್ರೋನ್, ಅಂದರೆ ಮಲಗಿ ಹೊಡೆಯುವ ಸ್ಪರ್ಧೆ. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮದಂತೆ ರೈಫಲ್ ಮೇಲೆ ಟೆಲಿಸ್ಕೋಪ್ ಕೂರಿಸುವ ಹಾಗೇ ಇಲ್ಲ, ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ಇಟ್ಟುಕೊಳ್ಳಬಹುದು. ಹತ್ತರ ವೃತ್ತ 10.4 ಮಿಲಿಮೀಟರ್, ಗುಂಡು 5.6. ಅಷ್ಟು ಹತ್ತಿರಕ್ಕೆ 20 ಪಟ್ಟಿನಲ್ಲೂ ತೂತು ನಿಚ್ಚಳ. ಅದೇ ನನಗೆ ಮುಳುವಾಯಿತು. ಮೊದಲ ವರ್ಷವೆಲ್ಲ ಪ್ರತಿ ಗುಂಡಿಗೂ ತೂತನ್ನೇ ನೋಡುತ್ತಾ ಕೂತೆ. ಒಂದು ಮ್ಯಾಚಿನಲ್ಲಿ ಸತತ ನಾಲ್ಕು ಒಂಬತ್ತು ಬಿದ್ದವು, ಎಲ್ಲವೂ ಬಲಕ್ಕೇ. ಗಾಳಿ ತಿರುಗಿ ಐದು ನಿಮಿಷವಾಗಿತ್ತು. ಪಕ್ಕದ ಹಿರಿಯರೊಬ್ಬರು ಮ್ಯಾಚ್ ಮುಗಿದ ಮೇಲೆ ಬಂದು, ಮಾತಾಡದೆ, ನನ್ನ ಸ್ಕೋಪಿನ ಫೋಕಸನ್ನು ಕಾಲು ಸುತ್ತು ತಿರುಗಿಸಿ ಹೋದರು. ಬಗ್ಗಿ ನೋಡಿದೆ. ಕುದುರೆ ಓಡುತ್ತಿತ್ತು.

ಕೊನೆಗೆ ಸ್ಟ್ಯಾಂಡಿನ ವಿಷಯ. ನೀವು ಬಲಗಣ್ಣಿನಲ್ಲಿ ಗುರಿ ಹಿಡಿಯುವವರಾದರೆ ಅದನ್ನು ಎಡಕ್ಕೆ ಇಟ್ಟುಕೊಳ್ಳಿ. ಕೆನ್ನೆ ಬಂದೂಕಿನಿಂದ ಏಳದೆ, ಮೊಣಕೈ ಕದಲದೆ, ಎಡಗಣ್ಣು ಐಪೀಸಿಗೆ ಸಿಗಬೇಕು. ಮೊದಲ ದಿನ ಅರ್ಧ ಗಂಟೆ ಎತ್ತರ ಹೊಂದಿಸುವುದರಲ್ಲೇ ಹೋಗುತ್ತದೆ. ಹೋಗಲಿ.