ಗುಂಡನ ಮೂರು ಸೆಕೆಂಡು

ಗುಂಡನಿಗೆ ಸುಮ್ನೆ ನಿಲ್ಲಲು ಬರುತ್ತಿರಲಿಲ್ಲ. ನಿಲ್ಲಿಸಿದರೆ ಮುಂಗಾಲು ಎತ್ತಿ ಎತ್ತಿ ಇಡುತ್ತಿದ್ದ. ಕಡಿವಾಣವನ್ನು ಕಟಕಟ ಅಗಿಯುತ್ತಿದ್ದ. ಒಂದು ಕಿವಿ ಮುಂದಕ್ಕೆ, ಇನ್ನೊಂದು ನನ್ನ ಕಡೆಗೆ. ಅಷ್ಟರಲ್ಲಿ ಹಿಂಭಾಗ ಎಡಕ್ಕೆ ಜಾರಿ ಇಡೀ ಮೈ ಓರೆಯಾಗುತ್ತಿತ್ತು. ಅದನ್ನು ಸರಿಮಾಡಲು ಹೋದರೆ ಇನ್ನೊಂದು ಹೆಜ್ಜೆ, ಆಮೇಲೆ ಮತ್ತೊಂದು.

ಅವನು ಐದು ವರ್ಷದವನಾಗುವ ತನಕ ರೇಸ್ ಓಡಿದ ಕುದುರೆ. ಆಗ ಅವನಿಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಈಗ ಬೆಂಗಳೂರಿನ ಹೊರಗಿನ ಒಂದು ಲಾಯದಲ್ಲಿದ್ದಾನೆ, ಎಲ್ಲರೂ ಗುಂಡ ಎಂದೇ ಕರೆಯುತ್ತಾರೆ. ಅವನ ಜೊತೆ ನಾನು ಡ್ರೆಸಾಜ್ ಎಂಬ ಕುದುರೆ ಸವಾರಿ ಸ್ಪರ್ಧೆಗಳಿಗೆ ಹೋಗುತ್ತೇನೆ. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ, ಇದು ಪ್ರೀತಿಗೆ.

ಡ್ರೆಸಾಜ್ ನೋಡಿರದವರಿಗೆ ಎರಡು ಮಾತು. 20 ಮೀಟರ್ ಅಗಲ, 40 ಅಥವಾ 60 ಮೀಟರ್ ಉದ್ದದ ಮರಳಿನ ಅಂಗಳ. ಸುತ್ತ ಅಂಚಿನಲ್ಲಿ ಅಕ್ಷರದ ಫಲಕಗಳು. ಯಾವ ಅಕ್ಷರದಿಂದ ಯಾವ ಅಕ್ಷರಕ್ಕೆ ಯಾವ ನಡೆಯಲ್ಲಿ ಹೋಗಬೇಕು, ಎಲ್ಲಿ ವೃತ್ತ ಹಾಕಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಮೊದಲೇ ಗೊತ್ತಿರುತ್ತದೆ. ಪ್ರತಿ ಚಲನೆಗೂ ತೀರ್ಪುಗಾರರು ಸೊನ್ನೆಯಿಂದ 10ರವರೆಗೆ ಅಂಕ ಕೊಡುತ್ತಾರೆ. ಕೊನೆಗೆ ಎಲ್ಲ ಸೇರಿ ನೂರಕ್ಕೆ ಇಷ್ಟು ಎಂದು ಲೆಕ್ಕ. ವೇಗಕ್ಕೆ ಇಲ್ಲಿ ಅಂಕವೇ ಇಲ್ಲ. ನಮ್ಮ ಪರೀಕ್ಷೆಯಲ್ಲಿ ಶುರುವಿನಲ್ಲೂ ಕೊನೆಯಲ್ಲೂ ಎಕ್ಸ್ ಎಂಬ ಜಾಗದಲ್ಲಿ ನಿಂತು ನಮಸ್ಕರಿಸಬೇಕು. ಎಕ್ಸ್‌ಗೆ ಫಲಕ ಇರುವುದಿಲ್ಲ. ಅದು ಅಂಗಳದ ನಟ್ಟನಡುವಿನ ಜಾಗ. ಅಲ್ಲಿ ನಾಲ್ಕು ಕಾಲೂ ಸಮವಾಗಿ, ಅಲುಗಾಡದೆ, ಕನಿಷ್ಠ 3 ಸೆಕೆಂಡು ನಿಲ್ಲಬೇಕು.

ಮೊದಲ ಸ್ಪರ್ಧೆಯಲ್ಲಿ ನಮ್ಮ ನಿಲುಗಡೆಗೆ ಬಿದ್ದದ್ದು 4 ಅಂಕ. ಪಕ್ಕದಲ್ಲಿ ಒಂದೇ ಪದ: 'ಚಡಪಡಿಕೆ'. ಲಾಯಕ್ಕೆ ವಾಪಸ್ ಬಂದಾಗ ನಾನು ತುಂಬ ಬೇಸರದಲ್ಲಿದ್ದೆ. ಕುದುರೆಗಳನ್ನು ನೋಡಿಕೊಳ್ಳುವ ಹಿರಿಯ ಸೈಸ್ ಒಬ್ಬರಿದ್ದಾರೆ, ನಾನು ಅಣ್ಣ ಎನ್ನುತ್ತೇನೆ. ಅವರು ಜೀನು ಇಳಿಸುತ್ತಾ ಹೇಳಿದರು: "ಮೇಡಂ, ಅವನಿಗೆ ನಿಲ್ಲೋದು ಯಾರು ಕಲಿಸಿದ್ರು ಹೇಳಿ? ಇಷ್ಟು ದಿನ ಓಡು ಅಂತಾನೇ ಅಲ್ವಾ ಎಲ್ರೂ ಹೇಳಿದ್ದು?"

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅಲ್ಲಿಂದಾಚೆ ಕುದುರೆಯ ಮೈ, ಹೊಟ್ಟೆ, ಹೃದಯ ಹೇಗೆ ಕೆಲಸ ಮಾಡುತ್ತವೆ ಎಂದು ಓದಲು ಹಿಡಿದೆ. ಓದಿದಷ್ಟೂ ಅಣ್ಣ ಹೇಳಿದ್ದೇ ನಿಜ ಅನ್ನಿಸಿತು. ನಾನು ತುಂಟತನ ಅಂದುಕೊಂಡಿದ್ದ ಒಂದೊಂದು ಚೇಷ್ಟೆಗೂ ಕಾರಣ ಇತ್ತು.

ಗುಂಡ ಥರೋಬ್ರೆಡ್ ತಳಿಯವನು. ಪೂರ್ವದ ದೇಶಗಳಿಂದ ಇಂಗ್ಲೆಂಡಿಗೆ ಹೋದ ಮೂರು ಗಂಡು ಕುದುರೆಗಳಿಗೆ ಈ ತಳಿಯ ಎಲ್ಲ ಕುದುರೆಗಳ ಗಂಡು ಸಂತತಿ ಹೋಗಿ ಸೇರುತ್ತದೆ. 1791ರಿಂದ ಇವುಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಡುತ್ತಾ ಬಂದಿದ್ದಾರೆ. ಅಷ್ಟು ತಲೆಮಾರು ಆರಿಸಿದ್ದು ಒಂದೇ ಗುಣಕ್ಕಾಗಿ, ವೇಗ. ನಮ್ಮ ಕರ್ನಾಟಕಕ್ಕೂ ಕುದುರೆ ಸಾಕಣೆ ಹೊಸದಲ್ಲ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದ ಜಾಗ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಡ್ರೆಸಾಜ್ ತಂಡ ಚಿನ್ನ ಗೆದ್ದಾಗ ನಮ್ಮ ಲಾಯದಲ್ಲೂ ಸಿಹಿ ಹಂಚಿದೆವು. ಆ ಕುದುರೆಗಳು ಯುರೋಪಿನಲ್ಲಿ ಇದಕ್ಕೆಂದೇ ಬೆಳೆಸಿದ ತಳಿಯವು. ಇಲ್ಲಿ ನನ್ನಂಥ ಹವ್ಯಾಸಿಗಳ ಪಾಲಿಗೆ ಸಿಗುವುದು ಹೆಚ್ಚಾಗಿ ರೇಸ್‌ನಿಂದ ನಿವೃತ್ತರಾದ ಗುಂಡನಂಥವರು.

ಮೊದಲು ಹೊಟ್ಟೆಯ ವಿಷಯ. ಜೀನಿನ ಪಟ್ಟಿ ಬಿಗಿಯುವಾಗ ಗುಂಡ ಕಿವಿ ಹಿಂದಕ್ಕೆ ಮಡಚಿ, ಹಲ್ಲು ತೋರಿಸಿ ತಿರುಗುತ್ತಿದ್ದ. ಸಿಡುಕಿನ ಸ್ವಭಾವ ಎಂದುಕೊಂಡಿದ್ದೆ. ಪಶುವೈದ್ಯರು ಮೂಗಿನ ಮೂಲಕ ಸುಮಾರು 3 ಮೀಟರ್ ಉದ್ದದ ಕೊಳವೆ ಕ್ಯಾಮೆರಾ ಇಳಿಸಿ ನೋಡಿದರು. ಪರದೆಯ ಮೇಲೆ ಜಠರದ ಗೋಡೆ ಕಾಣಿಸಿತು. ತೆಳು ಬಣ್ಣದ ಗೋಡೆಯ ಮೇಲೆ ಅಲ್ಲಲ್ಲಿ ಕೆಂಪಗೆ ಕಿತ್ತುಹೋದಂತಿದ್ದ ಹುಣ್ಣುಗಳು. ಇಂಥ ನೋವಿಟ್ಟುಕೊಂಡು ಯಾರು ತಾನೇ ಸುಮ್ಮನೆ ನಿಂತಾರು?

ನಮ್ಮ ಜಠರದಲ್ಲಿ ಆಮ್ಲ ಹೆಚ್ಚಾಗಿ ಸುರಿಯುವುದು ಊಟದ ಹೊತ್ತಿಗೆ. ಕುದುರೆಯ ಜಠರದಲ್ಲಿ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಬಯಲಲ್ಲಿ ಬಿಟ್ಟ ಕುದುರೆ ದಿನಕ್ಕೆ ಸುಮಾರು 16 ಗಂಟೆ ಮೇಯುತ್ತದೆ, ಹಾಗಾಗಿ ಹೊಟ್ಟೆ ಖಾಲಿ ಇರುವುದೇ ಅಪರೂಪ. ಅದಕ್ಕೆ ಜೊಲ್ಲು ಬರುವುದೂ ಅಗಿಯುವಾಗ ಮಾತ್ರ, ಆ ಜೊಲ್ಲೇ ಆಮ್ಲವನ್ನು ತಣಿಸುವ ಮದ್ದು. ರೇಸ್ ಲಾಯದಲ್ಲಿ ಹುಲ್ಲು ಕಡಿಮೆ, ಕಾಳು ಜಾಸ್ತಿ. ಕಾಳು ಬೇಗ ಖಾಲಿಯಾಗುತ್ತದೆ. ಸಾಲದ್ದಕ್ಕೆ ಕುದುರೆ ಓಡುವಾಗ ಹೊಟ್ಟೆಯ ಸ್ನಾಯುಗಳು ಬಿಗಿದು ಆಮ್ಲವನ್ನು ಮೇಲಕ್ಕೆ ತಳ್ಳುತ್ತವೆ. ಜಠರದ ಮೇಲ್ಭಾಗಕ್ಕೆ ಲೋಳೆಯ ರಕ್ಷಣೆ ಇಲ್ಲ. ತರಬೇತಿಯಲ್ಲಿರುವ ರೇಸ್ ಕುದುರೆಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಕುದುರೆಗಳಿಗೆ ಹುಣ್ಣು ಇದ್ದದ್ದನ್ನು ಹಲವು ಅಧ್ಯಯನಗಳು ಕಂಡಿವೆ.

ಗುಂಡನಿಗೆ ವೈದ್ಯರು ಒಮೆಪ್ರಜೋಲ್ ಬರೆದುಕೊಟ್ಟರು, ನಾವು ಎದೆಯುರಿಗೆ ನುಂಗುವ ಅದೇ ಮದ್ದು. ಜೊತೆಗೆ ಸವಾರಿಗೆ ಮುಂಚೆ ಸ್ವಲ್ಪ ಒಣಹುಲ್ಲು ತಿನ್ನಿಸಿ ಎಂದರು. ಹುಲ್ಲಿನ ನಾರು ಜಠರದಲ್ಲಿ ಚಾಪೆಯ ಹಾಗೆ ಹಾಸಿಕೊಂಡು ಆಮ್ಲ ಮೇಲೆ ಚಿಮ್ಮದ ಹಾಗೆ ತಡೆಯುತ್ತದೆ. ಅಣ್ಣನಿಗೆ ಹೇಳಿದರೆ, "ಅದಕ್ಕೇ ನಮ್ಮಪ್ಪ ಖಾಲಿ ಹೊಟ್ಟೇಲಿ ಜೀನು ಹಾಕಕ್ಕೆ ಬಿಡ್ತಿರ್ಲಿಲ್ಲ" ಎಂದರು. ಎರಡು ತಿಂಗಳಲ್ಲಿ ಪಟ್ಟಿ ಬಿಗಿಯುವಾಗಿನ ಹಲ್ಲು ತೋರಿಸುವಿಕೆ ನಿಂತಿತು. ಚಡಪಡಿಸುವ ಕುದುರೆ ಸಿಕ್ಕಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೊಟ್ಟೆ, ಹಲ್ಲು, ಬೆನ್ನು, ಗೊರಸು ತೋರಿಸಿ. ಪಾಠ ಆಮೇಲೆ.

ನೋವು ಹೋದರೂ ಚಡಪಡಿಕೆ ಪೂರ್ತಿ ಹೋಗಲಿಲ್ಲ. ಅದರ ಗುಟ್ಟು ಸಿಕ್ಕಿದ್ದು ಜಾಕಿಗಳು, ಅಂದರೆ ರೇಸ್ ಸವಾರರು, ಕೂರುವ ರೀತಿಯಲ್ಲಿ.

19ನೇ ಶತಮಾನದ ಕೊನೆಯ ತನಕ ಇಂಗ್ಲೆಂಡಿನ ಜಾಕಿಗಳು ಉದ್ದ ರಿಕಾಬಿನಲ್ಲಿ (ಜೀನಿನಿಂದ ಇಳಿಬಿದ್ದ, ಪಾದ ಇಡುವ ಬಳೆಯಲ್ಲಿ) ಕಾಲಿಟ್ಟು, ಜೀನಿನ ಮೇಲೆ ನೆಟ್ಟಗೆ ಕೂತು ಓಡಿಸುತ್ತಿದ್ದರು. 1897ರಲ್ಲಿ ಅಮೆರಿಕದಿಂದ ಟಾಡ್ ಸ್ಲೋನ್ ಎಂಬ ಜಾಕಿ ಅಲ್ಲಿಗೆ ಬಂದ. ರಿಕಾಬನ್ನು ಗಿಡ್ಡ ಮಾಡಿ, ಜೀನಿನಿಂದ ಮೇಲೆದ್ದು, ಕುದುರೆಯ ಕತ್ತಿನ ಮೇಲೆ ಬಾಗಿ ಕೂರುತ್ತಿದ್ದ. ಮುಂದಿನ ಕೆಲವೇ ವರ್ಷಗಳಲ್ಲಿ ಎಲ್ಲರೂ ಹಾಗೇ ಕೂರತೊಡಗಿದರು. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ಸಂಶೋಧಕರು ಇದನ್ನು ಅಳೆದು 2009ರಲ್ಲಿ ಪ್ರಕಟಿಸಿದರು. ಆ ಬದಲಾವಣೆಯ ಹೊತ್ತಿನಲ್ಲಿ ರೇಸ್‌ನ ಸಮಯ ನೂರಕ್ಕೆ 5ರಿಂದ 7ರಷ್ಟು ಸುಧಾರಿಸಿತ್ತು. ಕಾರಣ ಸರಳ. ಓಡುವಾಗ ಕುದುರೆಯ ಬೆನ್ನು ಪ್ರತಿ ಹೆಜ್ಜೆಗೂ ಏರುತ್ತದೆ, ಇಳಿಯುತ್ತದೆ. ಜಾಕಿ ತನ್ನ ಮಂಡಿಯನ್ನು ಸ್ಪ್ರಿಂಗಿನ ಹಾಗೆ ಮಡಚಿ ಬಿಚ್ಚುತ್ತಾ ತಾನು ಮಾತ್ರ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ತೇಲುತ್ತಾನೆ. ಕುದುರೆ ಅವನ ಭಾರ ಹೊರಬೇಕು ನಿಜ, ಆದರೆ ಅದನ್ನು ಪ್ರತಿ ಹೆಜ್ಜೆಗೂ ಮೇಲೆತ್ತಿ ಇಳಿಸುವ ಕೆಲಸ ತಪ್ಪುತ್ತದೆ.

ಈಗ ಗುಂಡನ ಕಡೆಯಿಂದ ಯೋಚಿಸಿ. ಅವನು ಚುರುಕಿನ ಕೆಲಸ ಮಾಡಿದ್ದೆಲ್ಲ ಬೆನ್ನ ಮೇಲೆ ಹೀಗೆ ತೇಲುವ ಸವಾರರ ಜೊತೆ. ನಾನು ಬಂದು ಉದ್ದ ರಿಕಾಬಿನಲ್ಲಿ ಕಾಲು ಇಳಿಬಿಟ್ಟು, ಜೀನಿನ ಆಳದಲ್ಲಿ ಕೂರುತ್ತೇನೆ. ನನ್ನ ಸೊಂಟದ ಒಂದೊಂದು ಅಲುಗಾಟವೂ ಅವನ ಬೆನ್ನಿಗೆ ತಲುಪುತ್ತದೆ. ಎರಡು ಪಕ್ಕೆಗೂ ನನ್ನ ಮೀನಖಂಡ ತಾಗಿಕೊಂಡಿರುತ್ತದೆ. ಒಂದು ನೊಣ ಕೂತರೆ ಸಾಕು, ಕುದುರೆ ಆ ಜಾಗದ ಚರ್ಮವನ್ನಷ್ಟೇ ಕಂಪಿಸಿ ಅದನ್ನು ಓಡಿಸುತ್ತದೆ. ಸವಾರರ ಕಾಲು ತಾಗುವ ಪಕ್ಕೆಯ ಚರ್ಮ ನಮ್ಮ ಬೆರಳ ತುದಿಗಿಂತಲೂ ಸೂಕ್ಷ್ಮ ಎಂದು ಪ್ರಯೋಗದಲ್ಲಿ ಕಂಡಿದೆ. ಅಂಥ ಚರ್ಮಕ್ಕೆ ನನ್ನ ಕಾಲು ಒಂದೇ ಸಮನೆ ಏನೇನೋ ಹೇಳುತ್ತಿತ್ತು. ಅವನಿಗೆ ಆ ಭಾಷೆಯೇ ಗೊತ್ತಿರಲಿಲ್ಲ. ಗೊತ್ತಿದ್ದ ಒಂದೇ ಉತ್ತರ ಹೆಜ್ಜೆ ಎತ್ತುವುದು. ಅದನ್ನೇ ಕೊಡುತ್ತಿದ್ದ, ಪಾಪ.

ಲಗಾಮಿನ ಕಥೆ ಇನ್ನೂ ವಿಚಿತ್ರ. ರೇಸ್ ಓಡುವಾಗ ಜಾಕಿ ಲಗಾಮನ್ನು ಬಿಗಿಯಾಗಿ ಹಿಡಿದಿರುತ್ತಾನೆ, ಕುದುರೆ ಆ ಬಿಗಿಗೆ ಬಾಯಿ ಕೊಟ್ಟು ಓಡುವುದನ್ನು ಕಲಿಯುತ್ತದೆ. ಬಿಗಿ ಎಂದರೆ ಗುಂಡನ ಲೆಕ್ಕದಲ್ಲಿ 'ನಾನಿದ್ದೇನೆ, ಹೊರಡು'. ನಾನು ನಿಲ್ಲಿಸಲೆಂದು ಎಳೆಯುತ್ತಿದ್ದೆ, ಅವನು ಮುನ್ನುಗ್ಗುತ್ತಿದ್ದ. ಇನ್ನೂ ಎಳೆದರೆ ಇನ್ನೂ ನುಗ್ಗುತ್ತಿದ್ದ. ನನ್ನ ತೋಳು, ಅವನ ಕತ್ತು ಎರಡೂ ನೋಯುವ ತನಕ ಇದೇ ಜಗ್ಗಾಟ. ಒಂದು ದಿನ ಕೈ ಸೋತು ಲಗಾಮು ಸಡಿಲ ಬಿಟ್ಟೆ. ಗುಂಡ ನಾಲ್ಕು ಹೆಜ್ಜೆಯಲ್ಲಿ ನಿಧಾನವಾದ. ತಲೆ ತಗ್ಗಿಸಿ ಉಸ್ ಎಂದು ಮೂಗಿನಿಂದ ಉಸಿರು ಬಿಟ್ಟ. ಅವನ ಮೇಲೆ ಕೂತು ನಾನೂ ಉಸಿರು ಬಿಟ್ಟೆ.

ಇದು ಮೈಗೆ ಮಾತ್ರ ಸೇರಿದ್ದಲ್ಲ, ರಕ್ತಕ್ಕೂ ಸೇರಿದ್ದು. ಆರಾಮಾಗಿ ನಿಂತ ಕುದುರೆಯ ಹೃದಯ ನಿಮಿಷಕ್ಕೆ 30ರಿಂದ 40 ಸಲ ಬಡಿಯುತ್ತದೆ. ನಾಗಾಲೋಟದಲ್ಲಿ ಅದು 220 ದಾಟಬಲ್ಲದು. ಅದರ ಗುಲ್ಮ, ಅಂದರೆ ಸ್ಪ್ಲೀನ್, ಕೆಂಪು ರಕ್ತಕಣಗಳ ದೊಡ್ಡ ಉಗ್ರಾಣ. ಓಡಬೇಕೆಂದಾಗ ಅದು ಕುಗ್ಗಿ ಕಣಗಳನ್ನು ರಕ್ತಕ್ಕೆ ಸುರಿಯುತ್ತದೆ. ರಕ್ತದಲ್ಲಿ ನೂರಕ್ಕೆ 40ರಷ್ಟಿದ್ದ ಕಣಗಳ ಪಾಲು 60ರ ಮೇಲಕ್ಕೆ ಏರುತ್ತದೆ. ಇದಕ್ಕೆ ಓಟವೇ ಶುರುವಾಗಬೇಕಿಲ್ಲ. ಉದ್ವೇಗ ಒಂದೇ ಸಾಕು, ಗುಲ್ಮ ಕುಗ್ಗಲು ತೊಡಗುತ್ತದೆ. ಸ್ಪರ್ಧೆಯ ದಿನ ಏನೇನಿರುತ್ತದೆ ನೋಡಿ: ಬೆಳಗಿನ ಜಾವದ ಟ್ರಕ್ ಪ್ರಯಾಣ, ಧ್ವನಿವರ್ಧಕ, ಜನ, ಪಕ್ಕದಲ್ಲಿ ಬೆವರುವ ಬೇರೆ ಕುದುರೆಗಳು. ಗುಂಡನಿಗೆ ಇದೆಲ್ಲ ಸೇರಿದರೆ ಒಂದೇ ಅರ್ಥ, ಇವತ್ತು ರೇಸ್. ನಾನು ಜೀನು ಹಾಕುವ ಮೊದಲೇ ಅವನ ರಕ್ತ ಓಟಕ್ಕೆ ಸಿದ್ಧವಾಗಿರುತ್ತಿತ್ತು.

ಮತ್ತೆ ಆ ಹೊತ್ತಿಗೆ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ. 2009ರಲ್ಲೇ ಸ್ವೀಡನ್ನಿನ ಸಂಶೋಧಕರು ಒಂದು ಚೆಂದದ ಪ್ರಯೋಗ ಪ್ರಕಟಿಸಿದರು. ಜನ ಕುದುರೆಯನ್ನು ಹತ್ತಿಯೋ ನಡೆಸಿಕೊಂಡೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಾಲ್ಕು ಸಲ ಹೋಗಬೇಕು. ನಾಲ್ಕನೇ ಸಲ ಹೊರಡುವ ಮುಂಚೆ, 'ಈ ಸಲ ದಾರಿಯಲ್ಲಿ ಒಂದು ಕೊಡೆಯನ್ನು ಫಟ್ಟನೆ ಬಿಚ್ಚುತ್ತೇವೆ' ಎಂದು ಅವರಿಗೆ ಹೇಳಿದರು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗಿದ್ದ ಕುದುರೆಗಳದ್ದೂ ಏರಿತು. ಕೊಡೆಯ ವಿಷಯ ಕುದುರೆಗೆ ಹೇಳಿದವರು ಯಾರೂ ಇಲ್ಲ. ಬಿಗಿದ ಕೈ, ತಡೆದ ಉಸಿರು ಹೇಳಿರಬೇಕು.

ಹೀಗಾಗಿ ನಮ್ಮ ಅಭ್ಯಾಸವನ್ನೇ ಬದಲಿಸಿಕೊಂಡೆವು. ಗುಂಡ ಈಗ ದಿನಕ್ಕೆ ಹಲವು ಗಂಟೆ ಬಯಲಲ್ಲಿ ಇನ್ನೊಂದು ಕುದುರೆಯ ಜೊತೆ ಮೇಯುತ್ತಾನೆ. ನಿಲುಗಡೆಯನ್ನು ಅರ್ಧ ಸೆಕೆಂಡಿನಿಂದ ಶುರುಮಾಡಿದೆವು. ನಾನು ಉಸಿರು ಹೊರಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಬೆರಳು ಮುಚ್ಚುತ್ತೇನೆ. ಅವನ ನಾಲ್ಕೂ ಕಾಲು ನೆಲದಲ್ಲಿದ್ದ ಆ ಒಂದು ಕ್ಷಣಕ್ಕೆ ಬೆರಳು ತೆರೆಯುತ್ತೇನೆ. ಒತ್ತಡ ಯಾವಾಗ ಹೋಯಿತೋ ಆಗ ತಾನು ಮಾಡುತ್ತಿದ್ದದ್ದೇ ಸರಿ ಎಂದು ಕುದುರೆ ಕಲಿಯುತ್ತದೆ. ಒಂದೆರಡು ಸೆಕೆಂಡು ತಡವಾದರೆ ಅವನು ಬೇರೇನೋ ಮಾಡುತ್ತಿರುತ್ತಾನೆ, ಆ ಬೇರೇನನ್ನೋ ಕಲಿತುಬಿಡುತ್ತಾನೆ. ಓರೆ ನಿಂತರೆ ಓರೆಯೇ ಇರಲಿ ಎಂದು ಬಿಟ್ಟೆ. ಮೊದಲು ನಿಲ್ಲಲಿ, ನೆಟ್ಟಗಾಗುವುದು ಆಮೇಲೆ. ಹತ್ತುವ ಕಟ್ಟೆಯ ಹತ್ತಿರವೂ ಇದೇ ಪಾಠ. ರೇಸ್‌ನಲ್ಲಿ ಕುದುರೆ ನಡೆಯುತ್ತಿರುವಾಗಲೇ ಜಾಕಿಯನ್ನು ಎತ್ತಿ ಕೂರಿಸುತ್ತಾರೆ. ಹತ್ತುವಾಗ ನಿಂತಿರಬೇಕು ಎಂಬುದೇ ಗುಂಡನಿಗೆ ಹೊಸ ಸುದ್ದಿ. ದಿನಾ ಹತ್ತಿದೆ, ಇಳಿದೆ, ಕತ್ತು ಕೆರೆದೆ, ಮತ್ತೆ ಹತ್ತಿದೆ. ಕೆಲವು ದಿನ ಅಷ್ಟೇ ನಮ್ಮ ಕೆಲಸ.

20 ಮೀಟರಿನ ವೃತ್ತ ಹಾಕಲು ತಿಂಗಳುಗಳೇ ಹಿಡಿದವು. ದೊಡ್ಡ ದೊಡ್ಡ ತಿರುವಿನಲ್ಲಿ ಓಡಿದ ಮೈ ಅದು. ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಚಿಕ್ಕ ವೃತ್ತದಲ್ಲಿ ಸಮತೋಲ ತಪ್ಪದೆ ಹೋಗಲು ಹಿಂಗಾಲು ಹೊಟ್ಟೆಯ ಕೆಳಗೆ ಬಂದು ಜಾಸ್ತಿ ಭಾರ ಹೊರಬೇಕು. ಅದಕ್ಕೆ ಬೇಕಾದ ಸ್ನಾಯು ಬೆಳೆಯಲು ಸಮಯ ಬೇಕು, ಅವಸರ ಮಾಡಿದರೆ ಬೆನ್ನು ನೋಯುತ್ತದೆ. ಟ್ರಾಟ್, ಅಂದರೆ ಕುಕ್ಕುಲೋಟ, ಬೇಗ ಒಲಿಯಿತು. ಕ್ಯಾಂಟರ್, ಅಂದರೆ ನಾಗಾಲೋಟಕ್ಕಿಂತ ನಿಧಾನದ ಓಟ, ಮಾತ್ರ ಹಳೆಯ ನೆನಪು ಕೆದಕುತ್ತದೆ. ಕ್ಯಾಂಟರ್‌ನಲ್ಲೂ ನಾಗಾಲೋಟದಲ್ಲೂ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ಎಳೆದು ಬಿಡುತ್ತದೆ. ಆ ಉಸಿರಿನ ತಾಳ ಹತ್ತಿದ ಕೂಡಲೇ ಗುಂಡನ ಕತ್ತು ಉದ್ದವಾಗುವುದು, ಕಿವಿ ನಿಗುರುವುದು ನನಗೆ ಮೇಲಿಂದ ಕಾಣುತ್ತದೆ.

ಕಳೆದ ಚಳಿಗಾಲದಲ್ಲಿ ಮತ್ತೆ ಸ್ಪರ್ಧೆಗೆ ಹೋದೆವು. ಎರಡು ಗಂಟೆ ಮೊದಲೇ ತಲುಪಿ, ಅವನನ್ನು ಸುಮ್ನೆ ಹುಲ್ಲು ತಿನ್ನಲು ಬಿಟ್ಟೆವು. ಗಂಟೆ ಬಾರಿಸಿದಾಗ ಒಳಗೆ ಹೋದೆ. ನಡುಗೆರೆಯ ಮೇಲೆ ಟ್ರಾಟ್. ಎಕ್ಸ್ ಹತ್ತಿರ ಉಸಿರು ಹೊರಬಿಟ್ಟೆ. ಗುಂಡ ನಿಂತ. ಎಡ ಹಿಂಗಾಲು ಒಂದು ಗೇಣು ಹಿಂದೆ ಉಳಿದಿತ್ತು. ಮುಟ್ಟಲು ಹೋಗಲಿಲ್ಲ. ಒಂದು. ಅವನ ಒಂದು ಕಿವಿ ನನ್ನ ಕಡೆ ತಿರುಗಿತು. ಎರಡು. ಬೇಲಿಯಾಚೆ ಯಾರೋ ಬಕೆಟ್ ಕೆಳಗಿಟ್ಟ ಸದ್ದು. ಅವನ ಪಕ್ಕೆಯ ಚರ್ಮ ಒಮ್ಮೆ ನಡುಗಿದ್ದು ನನ್ನ ಮೀನಖಂಡಕ್ಕೆ ಗೊತ್ತಾಯಿತು, ಕಾಲು ಮಾತ್ರ ಏಳಲಿಲ್ಲ. ಮೂರು. ತಲೆ ಬಾಗಿಸಿ ನಮಸ್ಕರಿಸಿದೆ.

ಅಂಕಪಟ್ಟಿಯಲ್ಲಿ ಆ ನಿಲುಗಡೆಗೆ 6.5 ಇತ್ತು. 'ಸಮವಾಗಿಲ್ಲ, ಆದರೆ ಶಾಂತ' ಎಂದು ಬರೆದಿದ್ದರು. ಕ್ಯಾಂಟರ್‌ಗೆ 5, ಪಕ್ಕದಲ್ಲಿ 'ಅವಸರ'. ಅಣ್ಣನಿಗೆ ಓದಿ ಹೇಳಿದೆ. ಅವರು ಆಗಲೇ ಟ್ರಕ್ಕಿನ ಪಕ್ಕ ಹುಲ್ಲಿನ ಬಲೆ ಕಟ್ಟುತ್ತಿದ್ದರು. "ಕ್ಯಾಂಟರ್ ನಾಡಿದ್ದಿಂದ ಮೇಡಂ. ನಾಳೆ ಇಡೀ ದಿನ ಅವನು ಮೇಯ್ಲಿ" ಎಂದರು.